ಮೊದಲ ಬ್ಯಾಟರಿ ಬಚ್ಚಲುಮನೆಯಲ್ಲಿದೆ: ದೇವಾಲದ ಮಳೆಗಾಲಕ್ಕೆ ಹೀಟ್ ಪಂಪ್ ಮತ್ತು ಮನೆ ಬ್ಯಾಟರಿ



ಮುಂಗಾರು ಹತ್ತಿರವಾಗುತ್ತಿದ್ದಂತೆ ಸದಸ್ಯರಿಂದ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಇನ್ವರ್ಟರಿನ ಬ್ಯಾಟರಿ ಹಳೆಯದಾಯಿತು, ಲಿಥಿಯಂ ಹಾಕಿಸಬಹುದೇ? ಹೀಟ್ ಪಂಪ್ ಎಂಬುದು ಬಂದಿದೆಯಂತೆ, ನಮ್ಮ ಮಳೆಗೆ ಅದು ನಡೆಯುತ್ತದೆಯೇ? ಮಾಡಿನ ಮೇಲೆ ಸೋಲಾರ್ ಹಾಕಿಸಿದರೆ ಕರೆಂಟ್ ಹೋದಾಗಲೂ ದೀಪ ಉರಿಯುತ್ತದಲ್ಲವೇ? ಅಂಗಡಿಯವರು ಹೇಳುವುದು ಒಂದು, ನೆಂಟರು ಹೇಳುವುದು ಇನ್ನೊಂದು. ಸಾವಿರಗಟ್ಟಲೆ ಅಲ್ಲ, ಕೆಲವೊಮ್ಮೆ ಲಕ್ಷದ ಮೇಲಿನ ಖರ್ಚಿನ ಮಾತು ಇದು. ಹಾಗಾಗಿ ಈ ಸಲದ ಬರಹದಲ್ಲಿ ಈ ಮೂರು ವಸ್ತುಗಳು ಹೇಗೆ ಕೆಲಸ ಮಾಡುತ್ತವೆ, ದೇವಾಲ, ಪಂದಲೂರು, ಗೂಡಲೂರು ಕಡೆಯ ಮನೆಗಳಿಗೆ ಯಾವುದು ಮೊದಲು, ಯಾವುದು ಆಮೇಲೆ ಎಂದು ಲೆಕ್ಕ ಸಹಿತ ಬರೆದಿದ್ದೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಬಿಲ್ಲು ಇಳಿಸಬೇಕೆಂದರೆ ಮೊದಲು ನೋಡಬೇಕಾದದ್ದು ಬಿಸಿನೀರನ್ನು. ಬ್ಯಾಟರಿ ಬೇಕಾಗುವುದು ಬಿಲ್ಲಿಗಾಗಿ ಅಲ್ಲ, ಕತ್ತಲೆಗಾಗಿ. ಈ ಎರಡನ್ನು ಬೆರೆಸಿಕೊಂಡರೆ ಹಣ ವ್ಯರ್ಥವಾಗುತ್ತದೆ.

ನಮ್ಮ ಊರಿನ ಕಷ್ಟವೇ ಬೇರೆ

ನೈಋತ್ಯ ಮುಂಗಾರಿನ ದಿನಗಳಲ್ಲಿ ಚೆನ್ನೈ ಹವಾಮಾನ ಕೇಂದ್ರದ ಮಳೆಪಟ್ಟಿ ನೋಡಿದವರಿಗೆ ಗೊತ್ತು, ತಮಿಳುನಾಡಿನಲ್ಲಿ ಅತಿ ಹೆಚ್ಚು ಮಳೆ ಬಿದ್ದ ಜಾಗಗಳ ಸಾಲಿನಲ್ಲಿ ದೇವಾಲ, ಪಂದಲೂರು, ನಡುವಟ್ಟಂ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. 2019ರ ಆಗಸ್ಟಿನಲ್ಲಿ ನಮ್ಮದೇ ಜಿಲ್ಲೆಯ ಅವಲಾಂಚಿಯಲ್ಲಿ ಒಂದೇ ದಿನದಲ್ಲಿ 80 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಅಂಥ ಗಾಳಿಮಳೆಯಲ್ಲಿ ಮರ ತಂತಿಯ ಮೇಲೆ ಬೀಳುತ್ತದೆ, ಕಂಬ ವಾಲುತ್ತದೆ, ರಸ್ತೆಗೆ ಮಣ್ಣು ಕುಸಿದು ಲೈನ್‌ಮ್ಯಾನ್ ಬರುವುದೂ ತಡವಾಗುತ್ತದೆ. ಕರೆಂಟ್ ಹೋದರೆ ಅರ್ಧ ಗಂಟೆಯಲ್ಲಿ ಬರುತ್ತದೆ ಎಂದು ನಂಬಿ ಕೂರುವ ಪೇಟೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇನ್ನೊಂದು ವಿಷಯ ಆನೆ. ರಾತ್ರಿ ಅಂಗಳಕ್ಕೆ ಆನೆ ಬರುವ ಊರಿನಲ್ಲಿ ಹೊರಗಿನ ಒಂದು ದೀಪ ಐಷಾರಾಮವಲ್ಲ. ಬೆಳಗಿನ ಜಾವ ಸ್ನಾನದ ನೀರಿಗೆಂದು ಕಾಡಂಚಿಗೆ ಸೌದೆ ತರಲು ಹೋಗುವುದೂ ಅಪಾಯದ ಕೆಲಸವೇ. ಕರೆಂಟಿನ ವಿಷಯವೆಂದರೆ ಇಲ್ಲಿ ಬಿಲ್ಲಿನ ವಿಷಯವಷ್ಟೇ ಅಲ್ಲ, ಜೀವದ ವಿಷಯವೂ ಹೌದು.

ಮತ್ತೊಂದು ಮಾತನ್ನೂ ಮರೆಯಬಾರದು. 1969ರ ಗೂಡಲೂರು ಜನ್ಮಂ ಎಸ್ಟೇಟುಗಳ ಕಾಯ್ದೆಯ 17ನೇ ಸೆಕ್ಷನ್ನಿಗೆ ಸೇರಿದ ಜಮೀನುಗಳ ತಕರಾರು ಇನ್ನೂ ನಮ್ಮ ಸುತ್ತ ಇದೆ. ಆ ಜಮೀನಿನಲ್ಲಿ ಮನೆ ಮಾಡಿಕೊಂಡ ಎಷ್ಟೋ ಕುಟುಂಬಗಳಿಗೆ ಕರೆಂಟ್ ಸಂಪರ್ಕ ಸಿಗುವುದೇ ದಶಕಗಳ ಕಾಲ ಕಷ್ಟವಾಗಿದೆ. ಅವರಿಗೆ ಏನು ಮಾಡಬಹುದು ಎಂಬುದನ್ನು ಕೊನೆಯಲ್ಲಿ ಹೇಳುತ್ತೇವೆ.

ಹಗಲಿನ ಕರೆಂಟ್, ಸಂಜೆಯ ಕರೆಂಟ್

ಕರೆಂಟನ್ನು ಅಕ್ಕಿಯಂತೆ ಮೂಟೆ ಕಟ್ಟಿ ಇಡಲಾಗದು. ಯಾವ ಕ್ಷಣ ಎಷ್ಟು ಬಳಕೆಯೋ ಆ ಕ್ಷಣ ಅಷ್ಟೇ ಉತ್ಪಾದನೆ ಆಗಬೇಕು. ಹಿಂದೆ ಇದು ಅಷ್ಟು ದೊಡ್ಡ ತಲೆನೋವಾಗಿರಲಿಲ್ಲ. ಕಲ್ಲಿದ್ದಲಿನ ಸ್ಥಾವರ ಹಗಲೂ ರಾತ್ರಿ ಓಡುತ್ತಿತ್ತು, ಬೇಡಿಕೆ ಏರಿದಾಗ ಜಲವಿದ್ಯುತ್ ಸೇರಿಸುತ್ತಿದ್ದರು. ಈಗ ಸೋಲಾರ್ ಬಂದಿದೆ. ಕರ್ನಾಟಕದ ಪಾವಗಡದ ಸೋಲಾರ್ ಪಾರ್ಕ್ ಒಂದೇ 2,050 ಮೆಗಾವ್ಯಾಟ್ ಸಾಮರ್ಥ್ಯದ್ದು. ಮಧ್ಯಾಹ್ನ ಕರೆಂಟ್ ಬೇಕಾದಷ್ಟಿರುತ್ತದೆ, ಸೂರ್ಯ ಮುಳುಗಿದ ಕೂಡಲೇ ಅದು ನಿಲ್ಲುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಊರೆಲ್ಲ ದೀಪ, ಟಿವಿ, ಮಿಕ್ಸಿ, ಗೀಸರ್ ಹಾಕುತ್ತದೆ.

ಈ ಸಂಜೆಯ ಹೊರೆಯನ್ನು ಹೊರುವ ಕೆಲಸದಲ್ಲಿ ನಮ್ಮ ನೀಲಗಿರಿ ಹಳೆಯ ಕೈ. ಪೈಕಾರದ ವಿದ್ಯುತ್ 1932ರಲ್ಲಿ ಶುರುವಾಯಿತು. ಅಲ್ಲಿಂದ ಹೊರಬಂದ ನೀರನ್ನೇ ಬಳಸಿ 1952ರಲ್ಲಿ ಮೋಯಾರ್ ವಿದ್ಯುದಾಗಾರ ಬಂತು. ಮಸಿನಗುಡಿ ಬಳಿ ಸಿಂಗಾರದ ಕಡೆ 150 ಮೆಗಾವ್ಯಾಟಿನ ಪೈಕಾರ ಅಂತಿಮ ಹಂತದ ಯೋಜನೆ 2005ರಲ್ಲಿ ಸೇರಿತು. ಕುಂದಾದ ಕಡೆ ಈಗ 500 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಕೈಗೆತ್ತಿಕೊಂಡಿದ್ದಾರೆ. ಕರೆಂಟ್ ಹೆಚ್ಚಾಗಿರುವ ಹೊತ್ತಿನಲ್ಲಿ ಅವಲಾಂಚಿ-ಎಮರಾಲ್ಡ್ ಜಲಾಶಯದ ನೀರನ್ನು ಮೇಲಿನ ಪೋರ್ತಿಮುಂಡ್ ಜಲಾಶಯಕ್ಕೆ ಎತ್ತುವುದು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ಮಾಡುವುದು ಅದರ ಉದ್ದೇಶ. ಹೆಚ್ಚಾದಾಗ ಇಟ್ಟುಕೊಂಡು, ಕಡಿಮೆಯಾದಾಗ ತೆಗೆಯುವುದು ಎಂದ ಮೇಲೆ ಅದೂ ಒಂದು ಬ್ಯಾಟರಿಯೇ.

ಮನೆಯ ಬ್ಯಾಟರಿ, ಮನೆಯ ಹೀಟ್ ಪಂಪ್ ಮಾಡುವುದೂ ಇದೇ ಕೆಲಸವನ್ನು, ಚಿಕ್ಕ ಅಳತೆಯಲ್ಲಿ. ಹಗಲು ತೆಗೆದುಕೊಂಡು ಸಂಜೆ, ಬೆಳಿಗ್ಗೆ ಬಳಸುವುದು. ಇದನ್ನು ಹೊತ್ತು ನೋಡಿ ಕರೆಂಟ್ ಬಳಸುವುದು ಎನ್ನೋಣ.

ಹಂಡೆಯೂ ಒಂದು ಬ್ಯಾಟರಿ

ನಮ್ಮ ಹಿರಿಯರ ಬಚ್ಚಲುಮನೆಯಲ್ಲಿ ಒಲೆಯ ಮೇಲೆ ತಾಮ್ರದ ಹಂಡೆ ಹೂತಿರುತ್ತಿತ್ತು. ಬೆಳಿಗ್ಗೆ ಒಮ್ಮೆ ಉರಿ ಹಾಕಿದರೆ ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಸ್ನಾನ ಮಾಡುವವರೆಗೆ ನೀರು ಬಿಸಿಯಾಗಿರುತ್ತಿತ್ತು. ಉರಿ ಹಾಕುವ ಹೊತ್ತು ಬೇರೆ, ನೀರು ಬಳಸುವ ಹೊತ್ತು ಬೇರೆ. ನೀರು ಶಾಖವನ್ನು ಇಟ್ಟುಕೊಳ್ಳುತ್ತದೆ ಎಂಬ ಒಂದೇ ಗುಣದಿಂದ ಇದು ಸಾಧ್ಯವಾಗುತ್ತಿತ್ತು. ಈ ಕಾಲದ ಟ್ಯಾಂಕಿಗೆ ಸುತ್ತಲೂ ದಪ್ಪ ಫೋಮ್ ಹೊದಿಕೆ ಇರುತ್ತದೆ. ಮಧ್ಯಾಹ್ನ ಕಾದ ನೀರು ಸಂಜೆಗೂ ಬಿಸಿಯಾಗಿರುತ್ತದೆ, ಮರುದಿನ ಬೆಳಿಗ್ಗೆಗೆ ಕೆಲವು ಡಿಗ್ರಿ ಮಾತ್ರ ಇಳಿದಿರುತ್ತದೆ.

ಈಗ ಲೆಕ್ಕ ನೋಡೋಣ. ಆಷಾಢದ ದಿನ ನಲ್ಲಿ ನೀರು 20 ಡಿಗ್ರಿ ಇದೆ, ಅದನ್ನು 50 ಡಿಗ್ರಿಗೆ ಕಾಯಿಸಬೇಕು, ನಾಲ್ಕೈದು ಜನರ ಮನೆಗೆ 100 ಲೀಟರ್ ಬೇಕು ಎಂದು ಇಟ್ಟುಕೊಳ್ಳಿ. ಇದಕ್ಕೆ ಬೇಕಾಗುವ ಶಾಖ ಸುಮಾರು 3.5 ಯೂನಿಟ್. ಸಾಮಾನ್ಯ ಗೀಸರ್ ಎಷ್ಟೇ ಸ್ಟಾರ್ ಇರಲಿ, ಒಳಗಿರುವುದು ಕಾಯಿಲ್. ಒಂದು ಯೂನಿಟ್ ಕರೆಂಟಿನಿಂದ ಒಂದು ಯೂನಿಟ್ ಶಾಖ, ಅದಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲ. ಹೆಚ್ಚು ಸ್ಟಾರ್ ಇದ್ದರೆ ಟ್ಯಾಂಕಿನಿಂದ ಶಾಖ ಸೋರುವುದು ಕಡಿಮೆ, ಅಷ್ಟೇ. ಹಾಗಾಗಿ ದಿನಕ್ಕೆ 3.5 ಯೂನಿಟ್, ಎರಡು ತಿಂಗಳಿಗೆ 210 ಯೂನಿಟ್.

ಹೀಟ್ ಪಂಪ್ ಶಾಖವನ್ನು ಹುಟ್ಟಿಸುವುದಿಲ್ಲ, ಸಾಗಿಸುತ್ತದೆ. ಮನೆಯ ಫ್ರಿಜ್ಜಿನ ಹಿಂಭಾಗ ಮುಟ್ಟಿ ನೋಡಿದರೆ ಬೆಚ್ಚಗಿರುತ್ತದೆ. ಒಳಗಿನ ಶಾಖವನ್ನು ಅದು ಹೊರಗೆ ತಂದು ಹಾಕಿದೆ. ಹೀಟ್ ಪಂಪ್ ಮಾಡುವುದೂ ಅದನ್ನೇ. ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಹೀರಿ ನೀರಿನ ಟ್ಯಾಂಕಿಗೆ ಕೊಡುತ್ತದೆ. ನಮಗೆ ಚಳಿ ಎನಿಸುವ 18 ಡಿಗ್ರಿ ಗಾಳಿಯಲ್ಲೂ ಶಾಖ ಬೇಕಾದಷ್ಟಿದೆ. ಒಳಗೆ ಸುತ್ತುವ ಗ್ಯಾಸ್ ಅದಕ್ಕಿಂತಲೂ ತಣ್ಣಗಿರುವುದರಿಂದ ಶಾಖ ಅದರೊಳಗೆ ಹರಿಯುತ್ತದೆ. ಆಮೇಲೆ ಕಂಪ್ರೆಸರ್ ಆ ಗ್ಯಾಸನ್ನು ಒತ್ತುತ್ತದೆ. ಸೈಕಲ್ ಪಂಪು ಹೊಡೆದಾಗ ಕೊಳವೆ ಬಿಸಿಯಾಗುವಂತೆ ಅದು ಬಿಸಿಯಾಗಿ ನೀರನ್ನು ಕಾಯಿಸುತ್ತದೆ. ಕರೆಂಟ್ ಖರ್ಚಾಗುವುದು ಮುಖ್ಯವಾಗಿ ಕಂಪ್ರೆಸರಿಗೆ. ಒಂದು ಯೂನಿಟ್ ಕರೆಂಟ್ ಕೊಟ್ಟರೆ ಸುಮಾರು ಮೂರು ಯೂನಿಟ್ ಶಾಖ ನೀರಿಗೆ ಸೇರುತ್ತದೆ. ಈ ಅನುಪಾತಕ್ಕೆ ಸಿಒಪಿ ಎನ್ನುತ್ತಾರೆ. ಸಿಒಪಿ 3 ಇದ್ದರೆ ನಮ್ಮ 100 ಲೀಟರಿಗೆ ದಿನಕ್ಕೆ ಸುಮಾರು 1.2 ಯೂನಿಟ್, ಎರಡು ತಿಂಗಳಿಗೆ 70 ಯೂನಿಟ್ ಸಾಕು. ಉಳಿತಾಯ 140 ಯೂನಿಟ್.

ಈ 140ರ ಬೆಲೆ ಮನೆಯಿಂದ ಮನೆಗೆ ಬೇರೆ. ತಮಿಳುನಾಡಿನಲ್ಲಿ ಮನೆಗಳಿಗೆ ಎರಡು ತಿಂಗಳಿಗೊಮ್ಮೆ ಬಿಲ್ಲು, ಮೊದಲ 100 ಯೂನಿಟ್ ಉಚಿತ. ಅಲ್ಲಿಂದ ಮೇಲೆ ಸ್ಲ್ಯಾಬ್ ಏರುತ್ತಾ ಹೋಗುತ್ತದೆ. ಒಟ್ಟು ಬಳಕೆ 500 ಯೂನಿಟ್ ದಾಟಿದರೆ ಮೇಲಿನ ಯೂನಿಟ್‌ಗಳಿಗಷ್ಟೇ ಅಲ್ಲ, 101ರಿಂದ 200ರವರೆಗಿನ ಯೂನಿಟ್‌ಗಳಿಗೂ ಹೆಚ್ಚಿನ ದರ ಬೀಳುತ್ತದೆ. ಗೀಸರಿನಿಂದಾಗಿ 560 ಯೂನಿಟ್ ಬರುತ್ತಿರುವ ಮನೆ ಹೀಟ್ ಪಂಪಿನಿಂದ 420ಕ್ಕೆ ಇಳಿದರೆ, ಆ ಗೆರೆಯಿಂದ ಕೆಳಗೆ ಬಂದು ಎರಡು ಕಡೆ ಉಳಿತಾಯವಾಗುತ್ತದೆ. ಅದೇ ಎರಡೇ ಜನರ ಮನೆ, ಒಟ್ಟು ಬಳಕೆ 180 ಯೂನಿಟ್ ಎಂದರೆ ಉಳಿಯುವ ಹಣ ಅಲ್ಪ. ಗೀಸರಿನ ಹಲವು ಪಟ್ಟು ಬೆಲೆ ಕೊಟ್ಟು ಹೀಟ್ ಪಂಪ್ ತರುವುದು ಅಂಥ ಮನೆಗೆ ಬೇಡ. ಹೋಂ ಸ್ಟೇ ನಡೆಸುವವರು, ಕೂಡುಕುಟುಂಬದವರು, ಹಾಸ್ಟೆಲ್ ನೋಡಿಕೊಳ್ಳುವವರು ಇದನ್ನು ಮೊದಲು ಯೋಚಿಸಬೇಕು.

ಮಳೆಗೆ, ಚಳಿಗೆ ಹೀಟ್ ಪಂಪ್ ನಡೆಯುತ್ತದೆಯೇ?

ಮಳೆಗೆ ಚೆನ್ನಾಗಿಯೇ ನಡೆಯುತ್ತದೆ. ಸೋಲಾರ್ ವಾಟರ್ ಹೀಟರಿಗೆ ಬಿಸಿಲು ಬೇಕು. ಬೆಂಗಳೂರು, ಮೈಸೂರಿನ ತಾರಸಿಗಳ ಮೇಲೆ ಅದು ವರ್ಷದ ಬಹುಪಾಲು ಕೆಲಸ ಮಾಡುತ್ತದೆ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ, ಬಿಸಿನೀರು ಅತಿ ಹೆಚ್ಚು ಬೇಕಾದ ದಿನಗಳಲ್ಲೇ, ಅದು ಕೈಕೊಡುತ್ತದೆ. ಹೀಟ್ ಪಂಪಿಗೆ ಬಿಸಿಲು ಬೇಡ, ಗಾಳಿ ಸಾಕು. ಗಾಳಿ ತೇವವಾಗಿದ್ದರೆ ಇನ್ನೂ ಒಳ್ಳೆಯದು. ತಣ್ಣನೆಯ ಕಾಯಿಲಿಗೆ ತಗುಲಿದ ಆವಿ ನೀರಾಗುವಾಗ ತನ್ನ ಶಾಖವನ್ನೂ ಬಿಟ್ಟುಕೊಡುತ್ತದೆ. ಹೀಗೆ ನೀರು ತೊಟ್ಟಿಕ್ಕುವುದರಿಂದ ಅದು ಹರಿದುಹೋಗಲು ಒಂದು ಪೈಪು ಇಡಬೇಕು.

ಉದಕಮಂಡಲ, ಕೂನೂರು ಕಡೆಯ ಬಂಧುಗಳಿಗೆ ಬೇರೆ ಮಾತು. ಡಿಸೆಂಬರ್, ಜನವರಿಯಲ್ಲಿ ಊಟಿಯ ಹುಲ್ಲುಗಾವಲುಗಳ ಮೇಲೆ ಬೆಳಗಿನ ಜಾವ ಹಿಮ ಬೀಳುತ್ತದೆ. ಸೊನ್ನೆ ಡಿಗ್ರಿಯ ಹತ್ತಿರ ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟುತ್ತದೆ, ಅದನ್ನು ಕರಗಿಸಲು ಯಂತ್ರ ಆಗಾಗ ನಿಲ್ಲಬೇಕಾಗುತ್ತದೆ, ಸಿಒಪಿ ಇಳಿಯುತ್ತದೆ. ಆದರೆ ಅದೇ ದಿನ ಮಧ್ಯಾಹ್ನ ಅಲ್ಲಿ ಒಳ್ಳೆಯ ಬಿಸಿಲು. ಬೆಳಿಗ್ಗೆ ಐದಕ್ಕೆ ಓಡಿಸುವ ಬದಲು ಹಗಲು ಹನ್ನೆರಡರಿಂದ ಮೂರರ ಒಳಗೆ ಓಡಿಸಿದರೆ ಅದೇ ಯಂತ್ರ ಕಡಿಮೆ ಕರೆಂಟಿನಲ್ಲಿ ಅದೇ ನೀರು ಕಾಯಿಸುತ್ತದೆ. ಗಾಳಿ ಬೆಚ್ಚಗಿರುವ ಹೊತ್ತೇ ಸೋಲಾರ್ ಕರೆಂಟ್ ಹೆಚ್ಚಿರುವ ಹೊತ್ತು ಎಂಬುದು ನಮ್ಮ ಅದೃಷ್ಟ. ಇದಕ್ಕೆ ದೊಡ್ಡ ಬುದ್ಧಿವಂತ ಯಂತ್ರವೇನೂ ಬೇಡ, ಹೆಚ್ಚಿನ ಹೀಟ್ ಪಂಪುಗಳಲ್ಲಿ ಟೈಮರ್ ಇದ್ದೇ ಇರುತ್ತದೆ.

ಹಾಕಿಸುವ ಮುನ್ನ ಮೂರು ಎಚ್ಚರಿಕೆ. ಗಾಳಿಯಾಡದ ಬಚ್ಚಲೊಳಗೆ ಇದನ್ನು ಇಡಬಾರದು. ಹೊರಗೆ ಮಾಡಿನಡಿ, ಶಬ್ದ ಮಲಗುವ ಕೋಣೆಗೆ ಕೇಳದ ಕಡೆ ಇಡಬೇಕು. ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ ಕುಸಿಯುತ್ತದೆ, ಅದು ಕಂಪ್ರೆಸರಿಗೆ ಕೇಡು, ಹಾಗಾಗಿ ಸ್ಟೆಬಿಲೈಸರ್ ಬೇಕಾದೀತು. ನೀರನ್ನು ದಿನಗಟ್ಟಲೆ ಉಗುರುಬೆಚ್ಚಗೆ ಇಟ್ಟರೆ ಟ್ಯಾಂಕಿನಲ್ಲಿ ರೋಗಾಣು ಬೆಳೆಯುವ ಅಪಾಯವಿದೆ, ಆಗಾಗ 60 ಡಿಗ್ರಿಯವರೆಗೆ ಕಾಯಿಸುವ ವ್ಯವಸ್ಥೆ ಇರಲಿ.

ಹೀಟ್ ಪಂಪ್ ಕೊಳ್ಳುವ ಶಕ್ತಿ ಇಲ್ಲದವರು, ಈಗಿರುವ ಗೀಸರನ್ನೇ ಬಳಸುವವರು ಸಹ ಒಂದು ಕೆಲಸ ಮಾಡಬಹುದು. ಊರೆಲ್ಲ ಗೀಸರ್ ಹಾಕುವ ಬೆಳಗಿನ ಆರೂವರೆ, ಏಳರ ಹೊತ್ತು ಬಿಟ್ಟು ಸ್ವಲ್ಪ ಮೊದಲೇ ಕಾಯಿಸಿ ಸ್ವಿಚ್ ಆರಿಸಿ. ಯೂನಿಟ್ ಅಷ್ಟೇ ಆಗಬಹುದು, ಆದರೆ ವೋಲ್ಟೇಜ್ ಸಿಗುತ್ತದೆ, ಪಕ್ಕದ ಮನೆಯವರಿಗೂ ಸಿಗುತ್ತದೆ.

ಬ್ಯಾಟರಿ: ಎಷ್ಟು, ಯಾವುದಕ್ಕೆ?

ಬ್ಯಾಟರಿಯ ವಿಷಯಕ್ಕೆ ಬರೋಣ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವ 12 ವೋಲ್ಟ್, 150 ಆಂಪಿಯರ್-ಅವರ್ ಟ್ಯೂಬ್ಯುಲಾರ್ ಬ್ಯಾಟರಿಯನ್ನು ತೆಗೆದುಕೊಳ್ಳಿ. ಗುಣಿಸಿದರೆ 1,800 ವ್ಯಾಟ್-ಅವರ್, ಅಂದರೆ 1.8 ಯೂನಿಟ್. ಆದರೆ ಲೆಡ್ ಆಸಿಡ್ ಬ್ಯಾಟರಿಯನ್ನು ಪ್ರತಿಸಲ ಪೂರ್ತಿ ಬರಿದು ಮಾಡಿದರೆ ಬೇಗ ಸಾಯುತ್ತದೆ. ಅರ್ಧ ಬಳಸುವುದು ಕ್ಷೇಮ. ಇನ್ವರ್ಟರಿನಲ್ಲಿ ಹೋಗುವುದನ್ನೂ ಕಳೆದರೆ ಕೈಗೆ ಸಿಗುವುದು ಮುಕ್ಕಾಲು ಯೂನಿಟ್‌ನಷ್ಟು.

ಅದರಿಂದ ಏನು ನಡೆಯುತ್ತದೆ? 9 ವ್ಯಾಟಿನ ಐದು ಎಲ್‌ಇಡಿ ದೀಪ ಐದು ಗಂಟೆ ಉರಿದರೆ 0.22 ಯೂನಿಟ್. ವೈಫೈ ಪೆಟ್ಟಿಗೆ ಹನ್ನೆರಡು ಗಂಟೆಗೆ 0.12. ಟಿವಿ ಮೂರು ಗಂಟೆಗೆ 0.18. ಮೂರ್ನಾಲ್ಕು ಫೋನಿಗೆ 0.06. ಒಟ್ಟು 0.6ರ ಹತ್ತಿರ. ಅಂದರೆ ಒಂದು ರಾತ್ರಿ ಕಳೆಯುತ್ತದೆ. ಫ್ರಿಜ್ ಸೇರಿಸಿದರೆ ದಿನಕ್ಕೆ ಇನ್ನೂ ಒಂದು ಯೂನಿಟ್‌ನಷ್ಟು ಬೇಕು, ಆಗ ಈ ಬ್ಯಾಟರಿ ಸಾಲದು. 2 ಕಿಲೋವ್ಯಾಟಿನ ಗೀಸರನ್ನು ಇದಕ್ಕೆ ಜೋಡಿಸಿದರೆ ಅರ್ಧ ಗಂಟೆಯೂ ಬಾಳದು. ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ, ಬೋರ್ ಮೋಟರ್ ಕೂಡ ಹಾಗೆಯೇ. ಶಾಖ ಬೇಕಾದಲ್ಲಿ ಶಾಖವನ್ನೇ ಕೂಡಿಡಬೇಕು, ಬೆಳಕು ಬೇಕಾದಲ್ಲಿ ಕರೆಂಟ್ ಕೂಡಿಡಬೇಕು. ಬಿಸಿನೀರಿನ ಟ್ಯಾಂಕನ್ನು ಮೊದಲ ಬ್ಯಾಟರಿ ಎಂದು ನಾವು ಕರೆಯುವುದು ಇದಕ್ಕೇ. 100 ಲೀಟರಿನ ಟ್ಯಾಂಕು ಹಿಡಿದಿಡುವ 3.5 ಯೂನಿಟ್ ಶಾಖವನ್ನು ಕರೆಂಟ್ ರೂಪದಲ್ಲಿ ಹಿಡಿದಿಡಲು ಮೇಲೆ ಹೇಳಿದಂಥ ನಾಲ್ಕೈದು ಬ್ಯಾಟರಿ ಬೇಕು.

ಲಿಥಿಯಂ ಬ್ಯಾಟರಿಗಳಲ್ಲಿ ಮನೆಗೆ ಸೂಕ್ತವಾದದ್ದು ಲಿಥಿಯಂ ಐರನ್ ಫಾಸ್ಫೇಟ್, ಅಂಗಡಿ ಭಾಷೆಯಲ್ಲಿ ಎಲ್‌ಎಫ್‌ಪಿ. ಬೇರೆ ಬಗೆಯ ಲಿಥಿಯಂಗಿಂತ ಇದು ಬೇಗ ಬೆಂಕಿಗೆ ಎಡೆಗೊಡುವುದಿಲ್ಲ. ಅದರಲ್ಲಿರುವ ಶಕ್ತಿಯ ಶೇಕಡಾ 80ರಿಂದ 90ರಷ್ಟನ್ನು ಬಳಸಬಹುದು, ಹತ್ತು ಯೂನಿಟ್ ತುಂಬಿದರೆ ಒಂಬತ್ತರಷ್ಟು ಹಿಂದಿರುಗುತ್ತದೆ, ಸಾವಿರಾರು ಸಲ ಚಾರ್ಜ್ ಮಾಡಬಹುದು, ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸವಿಲ್ಲ. ಬೆಲೆ ಮಾತ್ರ ಹೆಚ್ಚು. ಹಳೆಯ ಇನ್ವರ್ಟರಿಗೆ ನೇರವಾಗಿ ಜೋಡಿಸಬಾರದು, ಲಿಥಿಯಂಗೆ ಹೊಂದುವ ಚಾರ್ಜಿಂಗ್ ಇರುವ ಇನ್ವರ್ಟರೇ ಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡಿದರೆ ಹಾಳಾಗುತ್ತದೆ. ದೇವಾಲದಲ್ಲಿ ಆ ಭಯವಿಲ್ಲ, ಊಟಿಯವರು ಮನೆಯೊಳಗೆ ಇಡಲಿ.

ಬ್ಯಾಟರಿಯಿಂದ ಬಿಲ್ಲು ಇಳಿಯುತ್ತದೆಯೇ ಎಂಬ ಪ್ರಶ್ನೆಗೆ ನೇರ ಉತ್ತರ: ಈಗಿನ ಸ್ಲ್ಯಾಬ್ ಲೆಕ್ಕದಲ್ಲಿ ಇಲ್ಲ. ಬೆಳಿಗ್ಗೆ ಬಳಸಿದರೂ ಸಂಜೆ ಬಳಸಿದರೂ ಯೂನಿಟ್ಟಿಗೆ ಒಂದೇ ದರ ಇರುವಾಗ, ತುಂಬಿ ತೆಗೆಯುವುದರಲ್ಲಿ ನಷ್ಟವೇ ಹೊರತು ಲಾಭವಿಲ್ಲ. ಬ್ಯಾಟರಿಗೆ ಕೊಡುವ ಹಣ ಕರೆಂಟ್ ಇಲ್ಲದ ರಾತ್ರಿಗೆ ಕೊಡುವ ಹಣ.

ಸ್ಮಾರ್ಟ್ ಎಂದರೇನು?

ಹೊರದೇಶದಲ್ಲಿರುವ ಮಕ್ಕಳು ಫೋನಿನಲ್ಲಿ ಬೇರೆ ಕಥೆ ಹೇಳುತ್ತಾರೆ. ನಮ್ಮ ಬ್ಯಾಟರಿ ದುಡ್ಡು ಉಳಿಸುತ್ತದೆ, ನೀವೂ ಹಾಕಿಸಿ ಎನ್ನುತ್ತಾರೆ. ಅವರು ಹೇಳುವುದೂ ನಿಜವೇ. ಇಂಗ್ಲೆಂಡಿನಲ್ಲಿ ಅರ್ಧ ಗಂಟೆಗೊಮ್ಮೆ ದರ ಬದಲಾಗುವ ಯೋಜನೆಗಳಿವೆ. ಅಲ್ಲಿ ಬ್ಯಾಟರಿಯ ಒಳಗಿನ ಸಾಫ್ಟ್‌ವೇರ್ ನಾಳೆಯ ದರ, ನಾಳೆಯ ಬಿಸಿಲು ನೋಡಿಕೊಂಡು ಅಗ್ಗದ ಹೊತ್ತಿನಲ್ಲಿ ತುಂಬಿ ದುಬಾರಿ ಹೊತ್ತಿನಲ್ಲಿ ಬಳಸುತ್ತದೆ. ಸ್ಮಾರ್ಟ್ ಎಂಬ ಮಾತಿನ ಅರ್ಥ ಇಷ್ಟೇ. ಜರ್ಮನಿಯಲ್ಲಿ 2024ರ ಜನವರಿಯಿಂದ ಹೊಸದಾಗಿ ಹಾಕಿಸುವ ದೊಡ್ಡ ಹೀಟ್ ಪಂಪು, ಬ್ಯಾಟರಿ, ಕಾರ್ ಚಾರ್ಜರುಗಳನ್ನು ಲೈನಿನ ಮೇಲೆ ಒತ್ತಡ ಬಿದ್ದಾಗ ವಿದ್ಯುತ್ ಕಂಪನಿ 4.2 ಕಿಲೋವ್ಯಾಟಿನವರೆಗೆ ತಗ್ಗಿಸಬಹುದು. ಅದಕ್ಕೆ ಪ್ರತಿಯಾಗಿ ಲೈನ್ ಶುಲ್ಕದಲ್ಲಿ ರಿಯಾಯಿತಿ. ಆಸ್ಟ್ರೇಲಿಯಾದಲ್ಲಿ 2025ರ ಜುಲೈ 1ರಿಂದ ಮನೆ ಬ್ಯಾಟರಿಯ ಬೆಲೆಯಲ್ಲಿ ಸುಮಾರು ಶೇಕಡಾ 30ರಷ್ಟನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಇಂಗ್ಲೆಂಡ್, ಜರ್ಮನಿಯಲ್ಲಿ ಚಳಿಗಾಲಕ್ಕೆ ಇಡೀ ಮನೆಯನ್ನೇ ಕಾಯಿಸಬೇಕು, ಬಳಕೆ ನಮ್ಮದರ ಹಲವು ಪಟ್ಟು. ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ತರಲಾಗದು.

ಆದರೆ ನಮ್ಮಲ್ಲೂ ಬದಲಾವಣೆಯ ದಾರಿ ತೆರೆದಿದೆ. ಕೇಂದ್ರ ಸರ್ಕಾರ 2023ರಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಿದ್ದುಪಡಿ ತಂದಿತು. ಅದರಂತೆ ಕೃಷಿಯನ್ನು ಬಿಟ್ಟು ಉಳಿದ ಗ್ರಾಹಕರಿಗೆ, ಮನೆಗಳಿಗೂ ಸೇರಿ, ಸ್ಮಾರ್ಟ್ ಮೀಟರ್ ಬಂದ ಮೇಲೆ ಹೊತ್ತಿಗೊಂದು ದರ ಇರಬೇಕು. ಮನೆಗಳ ಮಟ್ಟಿಗೆ ಇದಕ್ಕೆ ಇಟ್ಟ ದಿನಾಂಕ 2025ರ ಏಪ್ರಿಲ್ 1. ಬಿಸಿಲಿನ ಎಂಟು ಗಂಟೆ ದರ ಕನಿಷ್ಠ ಶೇಕಡಾ 20ರಷ್ಟು ಕಡಿಮೆ, ಬೇಡಿಕೆ ಏರುವ ಹೊತ್ತಿನಲ್ಲಿ ಮನೆಗಳಿಗೆ ಕನಿಷ್ಠ ಶೇಕಡಾ 10ರಷ್ಟು ಹೆಚ್ಚು. ಯಾವ ರಾಜ್ಯದಲ್ಲಿ ಯಾವ ಗಂಟೆಗಳು ಎಂದು ತೀರ್ಮಾನಿಸುವುದು ಆಯಾ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ. ಅಂಥ ಮೀಟರು ನಿಮ್ಮ ಮನೆಗೆ ಬಂದ ದಿನ ಮಧ್ಯಾಹ್ನ ನೀರು ಕಾಯಿಸುವ ಅಭ್ಯಾಸವಿದ್ದವರಿಗೆ ಲಾಭ, ಸಂಜೆ ಏಳಕ್ಕೆ ಗೀಸರ್ ಹಾಕುವವರಿಗೆ ನಷ್ಟ. ಯಂತ್ರ ಕೊಳ್ಳದೆಯೂ ಅಭ್ಯಾಸ ಈಗಿನಿಂದಲೇ ಬದಲಿಸಿಕೊಳ್ಳಬಹುದು.

ಸೋಲಾರ್ ಇದ್ದರೂ ಕತ್ತಲೆ ಏಕೆ?

2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000 ರೂಪಾಯಿ, 2 ಕಿಲೋವ್ಯಾಟಿಗೆ 60,000, 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟರೆ 78,000 ರೂಪಾಯಿ ಸಹಾಯಧನವಿದೆ. ಆದರೆ ಬ್ಯಾಟರಿ ಇಲ್ಲದ ಸಾಮಾನ್ಯ ಆನ್-ಗ್ರಿಡ್ ಸೋಲಾರ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಇದು ದೋಷವಲ್ಲ. ತಂತಿ ಸರಿಮಾಡಲು ಕಂಬ ಹತ್ತಿದವನಿಗೆ ನಮ್ಮ ಮಾಡಿನ ಕರೆಂಟ್ ಹೊಡೆಯಬಾರದೆಂದು ಹಾಗೆ ಮಾಡಿರುತ್ತಾರೆ. ಕರೆಂಟ್ ಇಲ್ಲದಾಗಲೂ ಸೋಲಾರ್ ಬೇಕೆಂದರೆ ಹೈಬ್ರಿಡ್ ಇನ್ವರ್ಟರ್ ಮತ್ತು ಬ್ಯಾಟರಿ ಎರಡೂ ಬೇಕು.

ಇನ್ನೊಂದು ಮಿತಿಯೂ ಇದೆ. ಒಳ್ಳೆಯ ಬಿಸಿಲಿನ ದಿನ 1 ಕಿಲೋವ್ಯಾಟ್ ಫಲಕದಿಂದ ಸುಮಾರು 4 ಯೂನಿಟ್ ಬರುತ್ತದೆ. ದಟ್ಟ ಮೋಡದ ಮಳೆಯ ದಿನ ಅದು ಒಂದೆರಡು ಯೂನಿಟ್, ಕೆಲವು ದಿನ ಅಷ್ಟೂ ಇಲ್ಲ. ಮನೆ ಬ್ಯಾಟರಿ ಹಗಲನ್ನು ರಾತ್ರಿಗೆ ಸಾಗಿಸಬಲ್ಲದು, ಏಪ್ರಿಲ್ ತಿಂಗಳನ್ನು ಜುಲೈಗೆ ಸಾಗಿಸಲಾರದು. ಆ ಕೆಲಸಕ್ಕೆ ಮಳೆನೀರು ಹಿಡಿದಿಡುವ ಪೈಕಾರ, ಮೇಲ್ಭವಾನಿಯಂಥ ಜಲಾಶಯಗಳೇ ಬೇಕು. ಹಾಗಾಗಿ ದೇವಾಲದಲ್ಲಿ ಸೋಲಾರನ್ನು ನಂಬಿ ಇ.ಬಿ. ಸಂಪರ್ಕ ಬೇಡ ಎನ್ನುವ ಮಾತಿಗೆ ಮರುಳಾಗಬೇಡಿ.

ಸಂಪರ್ಕವೇ ಇಲ್ಲದ ಮನೆಗಳ ವಿಷಯ ಬೇರೆ. ಅಲ್ಲಿ ಒಂದು ಚಿಕ್ಕ ಫಲಕ, ಒಂದು ಚಿಕ್ಕ ಬ್ಯಾಟರಿ, ನಾಲ್ಕು ಎಲ್‌ಇಡಿ ದೀಪ ಇದ್ದರೂ ಮಕ್ಕಳ ಓದು ನಡೆಯುತ್ತದೆ, ಅಂಗಳಕ್ಕೆ ಬೆಳಕಾಗುತ್ತದೆ. ಬೆಂಗಳೂರಿನಲ್ಲಿ 1995ರಲ್ಲಿ ಹುಟ್ಟಿದ ಸೆಲ್ಕೋ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಇಂಥ ದೀಪಗಳನ್ನು ಬ್ಯಾಂಕ್ ಸಾಲದ ಕಂತಿನ ಮೇಲೆ ಹಾಕಿಸಿ ತೋರಿಸಿತು. ಅದರ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಮಳೆಗಾಲದ ಫಲಕ ಎಂದು ಲೆಕ್ಕ ಹಾಕಿ ಬೇಕಾದ್ದಕ್ಕಿಂತ ದೊಡ್ಡ ಫಲಕ ಹಾಕಿಸುವುದು ಇಲ್ಲಿ ಜಾಣತನ. ಜಮೀನಿನ ತಕರಾರು ತೀರುವವರೆಗೆ ಮಕ್ಕಳು ಕತ್ತಲೆಯಲ್ಲಿ ಕೂರಬೇಕಿಲ್ಲ.

ಜೀವಕ್ಕೆ ಸಂಬಂಧಿಸಿದ ನಾಲ್ಕು ಮಾತು

ಇನ್ವರ್ಟರನ್ನಾಗಲೀ ಜನರೇಟರನ್ನಾಗಲೀ ಪ್ಲಗ್ಗಿನ ಮೂಲಕ ಮನೆಯ ವೈರಿಂಗಿಗೆ ಹಿಂದಿನಿಂದ ಕೊಡಬೇಡಿ. ಅದು ಲೈನಿಗೆ ಹರಿದು ಲೈನ್‌ಮ್ಯಾನ್ ಜೀವ ತೆಗೆಯಬಹುದು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಚೇಂಜ್‌ಓವರ್ ಮಾಡಿಸಿ.

ಇನ್ವರ್ಟರಿನ ಅಥವಾ ಮನೆಯ ಕರೆಂಟನ್ನು ಬೇಲಿಗೆ ಕೊಡಲೇಬೇಡಿ. ಆನೆ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ, ಕೇಸೂ ಆಗುತ್ತದೆ.

ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮಳೆಯೆಂದು ಕಿಟಕಿ ಮುಚ್ಚಿದ ಕೋಣೆಯಲ್ಲಿ, ದೇವರ ದೀಪದ ಪಕ್ಕದಲ್ಲಿ ಅದನ್ನು ಇಡಬೇಡಿ.

ಗುಡುಗು ಸಿಡಿಲಿನ ಊರು ನಮ್ಮದು. ಅರ್ಥಿಂಗ್ ಸರಿಯಿಲ್ಲದೆ ಇವುಗಳಲ್ಲಿ ಯಾವುದನ್ನೂ ಹಾಕಿಸಬೇಡಿ. ಬಚ್ಚಲಿನ ಲೈನಿಗೆ ಆರ್‌ಸಿಸಿಬಿ ಇರಲಿ, ಸೋಲಾರ್ ಲೈನಿಗೆ ಸರ್ಜ್ ರಕ್ಷಣೆ ಇರಲಿ.

ಅಂಗಡಿಗೆ ಹೋಗುವ ಮುನ್ನ

ಕಳೆದ ಒಂದು ವರ್ಷದ ಆರು ಬಿಲ್ಲುಗಳ ಯೂನಿಟ್ ಬರೆದುಕೊಳ್ಳಿ. ಯಾವ ಬಿಲ್ಲು 500 ದಾಟಿದೆ ನೋಡಿ. ದಿನಕ್ಕೆ ಎಷ್ಟು ಬಕೆಟ್ ಬಿಸಿನೀರು ಬೇಕು ಎಂದು ಎಣಿಸಿ. ಕರೆಂಟ್ ಹೋದಾಗ ಇರಲೇಬೇಕಾದ ವಸ್ತುಗಳ ಪಟ್ಟಿ ಮಾಡಿ, ಪ್ರತಿಯೊಂದರ ವ್ಯಾಟ್ ಬರೆಯಿರಿ. ಹೀಟ್ ಪಂಪ್ ಮಾರುವವರನ್ನು ಸಿಒಪಿ ಎಷ್ಟು ಎಂದಷ್ಟೇ ಅಲ್ಲ, ಎಷ್ಟು ಡಿಗ್ರಿ ಗಾಳಿಯಲ್ಲಿ ಅಷ್ಟು ಎಂದು ಕೇಳಿ. ಬ್ಯಾಟರಿ ಮಾರುವವರನ್ನು ಬಳಸಲು ಸಿಗುವ ಯೂನಿಟ್ ಎಷ್ಟು ಎಂದು ಕೇಳಿ. ಕೆಟ್ಟರೆ ರಿಪೇರಿಗೆ ಗೂಡಲೂರಿನಿಂದ ಬರುತ್ತಾರೋ ಕೊಯಮತ್ತೂರಿನಿಂದ ಬರುತ್ತಾರೋ ಎಂದು ಕೇಳುವುದನ್ನಂತೂ ಮರೆಯಬೇಡಿ. ರಸ್ತೆ ಕುಸಿದ ವಾರದಲ್ಲಿ ಉಳಿದ ಎಲ್ಲ ಗುಣಗಳಿಗಿಂತ ಅದೇ ದೊಡ್ಡದು.

ಮುಂದಿನ ಮಾಸಿಕ ಸಭೆಗೆ ಬರುವಾಗ ನಿಮ್ಮ ಇ.ಬಿ. ಕಾರ್ಡನ್ನೂ ಈ ಪಟ್ಟಿಯನ್ನೂ ತನ್ನಿ. ಕೂತು ಒಟ್ಟಿಗೆ ಲೆಕ್ಕ ಹಾಕೋಣ. ಲೆಕ್ಕ ಗೊತ್ತಿರುವ ಮಕ್ಕಳನ್ನೂ ಕರೆತನ್ನಿ, ಹಿರಿಯರು ಒಬ್ಬರೇ ಇರುವ ಮನೆಗಳಿಗೆ ಅವರೇ ಹೋಗಿ ಬರೆದುಕೊಟ್ಟರೆ ಇನ್ನೂ ಸಂತೋಷ. ಮಳೆ ಹಿಡಿಯುವ ಮುಂಚೆ ಈ ಕೆಲಸ ಮುಗಿದಿರಲಿ.